ಕರಿ ರಾಣಿಯೂ ಊರ ಗಂಡುಜೇನೂ



ಐರ್ಲೆಂಡಿನಲ್ಲಿ ರಾಣಿಜೇನು ಅಂಚೆಯಲ್ಲಿ ಬರುತ್ತದೆ ಎಂದಾಗ ಸುಳ್ಯದ ನನ್ನ ಮಾವ ನಂಬಲಿಲ್ಲ. "ಮನಿಯಾರ್ಡರ್ ಬರುವುದು ಗೊತ್ತುಂಟು, ರಾಣಿ ಹೇಗೆ ಬರುವುದು ಮಾರಾಯ?" ಎಂದು ಕೇಳಿದರು. ಬರುತ್ತದೆ. ಹೆಬ್ಬೆರಳಿನುದ್ದದ ಪ್ಲಾಸ್ಟಿಕ್ ಪಂಜರ. ಒಳಗೆ ಒಂದು ರಾಣಿ, ಅವಳಿಗೆ ಉಣಿಸಲು ಆರೆಂಟು ಕೆಲಸಗಾರ ನೊಣಗಳು. ಪಂಜರದ ಬಾಯಿಗೆ ಗಟ್ಟಿಯಾಗಿ ಮಿದ್ದ ಸಕ್ಕರೆ ಹಿಟ್ಟಿನ ಬಿರಡೆ. ದಾರಿಗೆ ಬುತ್ತಿಯೂ ಅದೇ, ಬಾಗಿಲೂ ಅದೇ. ಲಕೋಟೆಯ ಮೇಲೆ 'ಜೀವಂತ ಜೇನು' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ನಮ್ಮ ಬೀದಿಯ ಅಂಚೆಯಾತ ಅದನ್ನು ಕಿವಿಗೆ ಹಿಡಿದು, ಗುಂಯ್‌ಗುಡುವುದು ಕೇಳಿದ ಮೇಲೆಯೇ ನನ್ನ ಕೈಗೆ ಕೊಡುವುದು.

ನಾನಿರುವುದು ಐರ್ಲೆಂಡಿನ ದಕ್ಷಿಣ ಭಾಗದಲ್ಲಿ, ಟಿಪ್ಪರರಿ ಕೌಂಟಿಯ ಗ್ಯಾಲ್ಟಿ ಬೆಟ್ಟಸಾಲಿನ ಬುಡದಲ್ಲಿ. ಹುಟ್ಟಿ ಬೆಳೆದದ್ದು ಅಡಿಕೆ ತೋಟದ ನಡುವೆ, ತುಡುವೆ ಜೇನಿನ ಪೆಟ್ಟಿಗೆಗಳ ಪಕ್ಕದಲ್ಲಿ. ಕೆಲಸಕ್ಕೆಂದು ಹೋದ ಊರಿನಲ್ಲೂ ಜೇನಿನ ಗೀಳು ಬಿಡಲಿಲ್ಲ. ಮನೆಯ ಹಿಂದಿನ ಹಿತ್ತಲಿನಲ್ಲಿ ಕೆಲವು ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಆ ಪೆಟ್ಟಿಗೆಗಳಿಗೆ ಅಲ್ಲಿಯದೇ ಮೂಲದ ಕರಿಜೇನಿನ ರಾಣಿಯರನ್ನು ತಂದು ಕೂಡಿಸಿದ ವಿಷಯವನ್ನು ಇವತ್ತು ಹೇಳಬೇಕೆಂದಿದ್ದೇನೆ.

ಆ ಜೇನು ನಮ್ಮ ತುಡುವೆಯಲ್ಲ. ನಮ್ಮಲ್ಲಿ ಇಟಾಲಿಯನ್ ಜೇನು ಎಂದೋ ಮೆಲ್ಲಿಫೆರಾ ಎಂದೋ ಕರೆದು ಸಾಕುತ್ತಾರಲ್ಲ, ಆ ಜಾತಿ. ಆ ಜಾತಿಯೊಳಗೆ ಹಲವು ತಳಿಗಳಿವೆ. ಇಟಲಿಯದು ಹೊಂಬಣ್ಣ. ಸ್ಲೊವೇನಿಯಾ, ಆಸ್ಟ್ರಿಯಾ ಕಡೆಯ ಕಾರ್ನಿಯೋಲನ್ ಬೂದು. ಪಿರನೀಸ್ ಬೆಟ್ಟಗಳಿಂದ ಉರಲ್ ಬೆಟ್ಟಗಳವರೆಗೆ, ಬ್ರಿಟನ್ ಐರ್ಲೆಂಡುಗಳನ್ನೂ ಸೇರಿಸಿಕೊಂಡು, ಆ ಚಳಿಯಲ್ಲಿ ಸಾವಿರಾರು ವರ್ಷ ಬಾಳಿದ್ದು ಕರಿಜೇನು. 1758ರಲ್ಲಿ ಲಿನೇಯಸ್ ಜೇನಿಗೆ ಶಾಸ್ತ್ರೀಯ ಹೆಸರಿಟ್ಟಾಗ ಅವನ ಕಣ್ಣೆದುರು ಇದ್ದದ್ದು ಸ್ವೀಡನ್ನಿನ ಈ ಕರಿಜೇನೇ. ದಪ್ಪ ಮೈ, ಕಂದು ಮಿಶ್ರಿತ ಕಪ್ಪು, ಹೊಟ್ಟೆಯ ಮೇಲೆ ಉದ್ದುದ್ದ ರೋಮ, ನಾಲಿಗೆ ಮಾತ್ರ ಉಳಿದ ತಳಿಗಳಿಗಿಂತ ತುಸು ಗಿಡ್ಡ.

ನನಗೆ ಅದು ಬೇಕೆನಿಸಿದ್ದು ದೇಸಿ ತಳಿಯ ಅಭಿಮಾನದಿಂದಲ್ಲ. ಆ ದೇಶ ನನ್ನದಲ್ಲ, ಆ ಜೇನು ನನ್ನ ಅಜ್ಜನ ಕಾಲದ್ದೂ ಅಲ್ಲ. ಕಾರಣ ಸಿಟ್ಟು. ನಾನು ಮೊದಲು ಕೊಂಡ ಕುಟುಂಬಗಳು ನಾಲ್ಕಾರು ತಳಿ ಬೆರೆತಂಥವು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಸಾಕು, ಮುಖದ ಬಲೆಗೆ ಪಟಪಟನೆ ಬಂದು ಬಡಿಯುತ್ತಿದ್ದವು. ಕೆಲಸ ಮುಗಿಸಿ ಹೊರಟರೆ ಅಡುಗೆಮನೆಯ ಬಾಗಿಲ ತನಕ ಹಿಂಬಾಲಿಸುತ್ತಿದ್ದವು. ಬಿಸಿಲು ಕಂಡ ದಿನ ಬಟ್ಟೆ ಒಣಹಾಕುವುದು ಆ ದೇಶದಲ್ಲಿ ಒಂದು ಹಬ್ಬ. ಆ ಹಬ್ಬಕ್ಕೇ ಕಲ್ಲು ಬಿತ್ತು. "ಪೆಟ್ಟಿಗೆ ಬೇಕೋ, ಇಸ್ತ್ರಿ ಮಾಡಿದ ಅಂಗಿ ಬೇಕೋ, ಒಂದು ಹೇಳಿ" ಎಂದು ಮನೆಯಾಕೆ ಕೇಳಿದಳು. ಕರಿಜೇನು ಚುಚ್ಚುವ ಜೇನು ಎಂಬ ಹೆಸರು ಬ್ರಿಟನ್ನಿನಲ್ಲಿ ಹಳೆಯದು. ಆದರೆ ಅದನ್ನೇ ವರ್ಷಗಟ್ಟಲೆ ಸಾಕಿದವರು ಹೇಳುವುದು ಬೇರೆ. ತಳಿ ಶುದ್ಧವಾಗಿದ್ದು, ಒಳ್ಳೆಯದನ್ನೇ ಆರಿಸುತ್ತ ಬಂದಿದ್ದರೆ ಅದು ತಣ್ಣಗಿನ ಜೇನು, ಸಿಟ್ಟೆಲ್ಲ ಬೆರಕೆಯದು. ಮೊದಲ ಬೆರಕೆ ಚೆನ್ನಾಗಿ ದುಡಿಯುತ್ತದೆ, ಎರಡನೆಯ ತಲೆಮಾರಿನಲ್ಲಿ ಕೊಂಡಿ ಹೊರಬರುತ್ತದೆ ಎನ್ನುತ್ತಾರೆ. ಪರೀಕ್ಷಿಸಿ ನೋಡೋಣ ಎಂದುಕೊಂಡೆ.

ಹೊಸ ರಾಣಿಯನ್ನು ಕೂಡಿಸುವುದು ತಾಳ್ಮೆಯ ಕೆಲಸ. ಮೊದಲು ಹಳೆಯ ರಾಣಿಯನ್ನು ಹುಡುಕಿ ತೆಗೆಯಬೇಕು. ಅನಂತರ ಮರಿಗಳಿರುವ ಎರಡು ಎರಿಗಳ ನಡುವೆ ಪಂಜರ ತೂಗುಬಿಡಬೇಕು, ಸಕ್ಕರೆ ಬಿರಡೆಯ ಮೇಲಿನ ಮುಚ್ಚಳ ತೆಗೆಯದೆ. ಮರುದಿನ ನೋಡಿದರೆ ಕೆಲಸಗಾರ ನೊಣಗಳು ಪಂಜರದ ಜಾಲರಿಯನ್ನು ಕಚ್ಚಿ ಹಿಡಿದಿರುತ್ತವೆ. ಹೊಟ್ಟೆ ಬಾಗಿಸಿ ಕೊಂಡಿಯನ್ನು ಒಳಕ್ಕೆ ತೂರಿಸಲು ನೋಡುತ್ತವೆ. ಬೆರಳಿನಿಂದ ಸರಿಸಿದರೆ ಸರಿಯುವುದಿಲ್ಲ, ಒಂದೊಂದನ್ನೂ ಕೀಳಬೇಕು. ಅಂಥ ಹೊತ್ತಿನಲ್ಲಿ ಬಾಗಿಲು ತೆರೆದರೆ ರಾಣಿಯ ಕತೆ ಮುಗಿದಂತೆ. ಇನ್ನೂ ಒಂದೆರಡು ದಿನ ಕಾದರೆ ನೋಟವೇ ಬದಲಾಗುತ್ತದೆ. ನೊಣಗಳು ಜಾಲರಿಯ ಮೇಲೆ ಸಡಿಲವಾಗಿ ಓಡಾಡುತ್ತಿರುತ್ತವೆ. ಬೆರಳು ಸೋಕಿದರೆ ಚದರುತ್ತವೆ. ಒಂದೆರಡು ನಾಲಿಗೆಯನ್ನು ಕಂಡಿಯೊಳಗೆ ಚಾಚಿ ರಾಣಿಗೆ ಉಣಿಸುತ್ತಿರುತ್ತವೆ. ಆಗ ಮುಚ್ಚಳ ಕಿತ್ತರೆ ಅವೇ ಸಕ್ಕರೆ ತಿನ್ನುತ್ತ ತಿನ್ನುತ್ತ ದಾರಿ ಬಿಡಿಸುತ್ತವೆ, ರಾಣಿ ಯಾರ ಗಮನಕ್ಕೂ ಬಾರದೆ ನಡೆದು ಹೊರಗೆ ಬರುತ್ತಾಳೆ.

ಎಲ್ಲ ಸಲವೂ ಹೀಗೆಯೇ ಆಗುತ್ತದೆ ಎಂದಲ್ಲ. ಒಂದು ದೊಡ್ಡ ಪೆಟ್ಟಿಗೆಯಲ್ಲಿ ಹೊರಬಂದ ರಾಣಿಯನ್ನು ಮುತ್ತಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಬಿಸಿಗೂ ಒತ್ತಡಕ್ಕೂ ಸಾಯುವಂತೆ ಮಾಡಿದವು. ಹಳದಿ ಜೇನಿನ ಕುಟುಂಬ ಕರಿ ರಾಣಿಯನ್ನು ಸುಲಭಕ್ಕೆ ಒಪ್ಪುವುದಿಲ್ಲ ಎಂಬುದು ಅಲ್ಲಿಯ ಹಳಬರ ಅನುಭವ. ಎಳೆಯ ನೊಣಗಳೇ ಹೆಚ್ಚಿರುವ ಮೂರು ನಾಲ್ಕು ಎರಿಯ ಚಿಕ್ಕ ಕುಟುಂಬ ಮಾಡಿ ಅದಕ್ಕೆ ಕೊಟ್ಟರೆ ಜಗಳ ಕಡಿಮೆ; ಆಮೇಲೆ ಅದನ್ನೇ ಬೆಳೆಸಿಕೊಳ್ಳಬಹುದು.

ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು 21 ದಿನ. ಬೇಸಿಗೆಯಲ್ಲಿ ಅದರ ಆಯಸ್ಸು ಸುಮಾರು 6 ವಾರ. ಹಾಗಾಗಿ ಮೊದಲ ತಿಂಗಳ ಕೊನೆಗೆ ಹಳದಿ ನೊಣಗಳ ನಡುವೆ ಅಲ್ಲೊಂದು ಇಲ್ಲೊಂದು ಕರಿಯದು ಕಾಣುತ್ತದೆ, ಎರಡು ತಿಂಗಳು ಕಳೆಯುವ ಹೊತ್ತಿಗೆ ಹಳದಿಯನ್ನು ಹುಡುಕಬೇಕಾಗುತ್ತದೆ. ಆ ಹೊತ್ತಿಗೆ ಬಟ್ಟೆ ಒಣಹಾಕುವ ತಂತಿಯ ತಂಟೆಯೂ ಮುಗಿದಿತ್ತು. ಒಂದು ಹೊಸ ತೊಂದರೆ ಮಾತ್ರ ಬಂತು. ಕರಿ ನೊಣಗಳ ನಡುವೆ ಕರಿ ರಾಣಿಯನ್ನು ಗುರುತಿಸುವುದು ಕಷ್ಟ. ಅದಕ್ಕೇ ಬೆನ್ನಿನ ಮೇಲೆ ಬಣ್ಣದ ಚುಕ್ಕೆ ಇಡುತ್ತಾರೆ. ಆ ಬಣ್ಣಕ್ಕೂ ಜಗತ್ತಿನಾದ್ಯಂತ ಒಂದು ಕ್ರಮವಿದೆ: ಇಸವಿಯ ಕೊನೆಯ ಅಂಕಿ 1 ಅಥವಾ 6 ಆದರೆ ಬಿಳಿ, 2 ಅಥವಾ 7ಕ್ಕೆ ಹಳದಿ, 3 ಅಥವಾ 8ಕ್ಕೆ ಕೆಂಪು, 4 ಅಥವಾ 9ಕ್ಕೆ ಹಸಿರು, 5 ಅಥವಾ ಸೊನ್ನೆಗೆ ನೀಲಿ. ರಾಣಿಯನ್ನು ಕಂಡ ಕೂಡಲೇ ಅವಳ ವಯಸ್ಸು ಗೊತ್ತಾಗುತ್ತದೆ.

ಕರಿಜೇನಿನ ನಡತೆಯಲ್ಲಿ ನನಗೆ ಹಿಡಿಸಿದ್ದು ಅದರ ಜಿಪುಣತನ. ಐರ್ಲೆಂಡಿನ ಜೂನ್ ತಿಂಗಳು ಬಿಸಿಲೆಂದು ನಂಬಿಸಿ ವಾರಗಟ್ಟಲೆ ಮಳೆ ಸುರಿಸಬಲ್ಲದು. ಇಟಲಿ ಮೂಲದ ರಾಣಿ ಆಗಲೂ ಮೊಟ್ಟೆ ಇಡುತ್ತಲೇ ಹೋಗುತ್ತಾಳೆ. ಮರಿಗಳಿಗೆ ಉಣಿಸಿ ಉಣಿಸಿ ಪೆಟ್ಟಿಗೆಯ ಜೇನು ಖಾಲಿಯಾಗುತ್ತದೆ, ಸಾಕುವವ ಸಕ್ಕರೆ ಪಾಕ ಹಿಡಿದುಕೊಂಡು ಓಡಬೇಕು. ಕರಿ ರಾಣಿ ಹಾಗಲ್ಲ. ಹೊರಗಿನ ವರಮಾನ ನಿಂತಿತೋ, ಮೊಟ್ಟೆಯೂ ಕಡಿಮೆ. ಚಳಿಗಾಲಕ್ಕೆ ಚಿಕ್ಕ ಹಿಂಡಾಗಿ ಮುದುಡಿ ಕೂರುತ್ತವೆ, ಕೂಡಿಟ್ಟದ್ದನ್ನು ಅಳೆದು ತೂಗಿ ತಿನ್ನುತ್ತವೆ. ಅಲ್ಲಿ ಒಂದು ಕುಟುಂಬಕ್ಕೆ ಚಳಿಗಾಲದ ದಾಸ್ತಾನು 18 ಕಿಲೋ ಬೇಕು ಎಂಬುದು ಸಾಮಾನ್ಯ ಲೆಕ್ಕ. ಮಾರ್ಚಿನಲ್ಲಿ ಪೆಟ್ಟಿಗೆಯ ಹಿಂಬದಿ ಎತ್ತಿ ತೂಕ ನೋಡಿದರೆ ಕರಿಜೇನಿನದ್ದು ಇನ್ನೂ ಕೈ ಜಗ್ಗುತ್ತದೆ. ತುಂತುರು ಮಳೆಯಲ್ಲೂ ಹೊರಗೆ ಹೋಗಿ ಬರುತ್ತವೆ. ಜೇನು ತುಂಬಿದ ಕೋಶಕ್ಕೆ ಮುಚ್ಚಳ ಹಾಕುವಾಗ ನಡುವೆ ಸ್ವಲ್ಪ ಗಾಳಿ ಬಿಡುವುದರಿಂದ ಎರಿ ಹಾಲಿನಷ್ಟು ಬೆಳ್ಳಗೆ ಕಾಣುತ್ತದೆ. ಎರಿಯನ್ನೇ ಕತ್ತರಿಸಿ ಮಾರುವವರಿಗೆ ಅದೊಂದು ಲಾಭ. ಆದರೆ ಮುಚ್ಚಿಡುವುದೇಕೆ, ಹದವಾದ ಬೇಸಿಗೆ ಬಂದ ವರ್ಷ ಪಕ್ಕದ ಹೊಲದವರ ಬಕ್‌ಫಾಸ್ಟ್ ತಳಿಯ ಜೇನು ನನ್ನದಕ್ಕಿಂತ ಚೆನ್ನಾಗಿ ಕೊಡುತ್ತದೆ. ಅಂಥ ವರ್ಷ ಅಲ್ಲಿ ಅಪರೂಪ ಎಂಬುದೇ ನನ್ನ ಸಮಾಧಾನ.

ಬಕ್‌ಫಾಸ್ಟ್ ಎಂದ ಮೇಲೆ ಅದರ ಕತೆಯನ್ನೂ ಹೇಳಬೇಕು. ಆ ನಾಡಿನ ಜೇನು ಹೀಗೆ ಕಲಬೆರಕೆಯಾದದ್ದು ಏಕೆ ಎಂಬುದು ಅಲ್ಲಿಂದ ತಿಳಿಯುತ್ತದೆ. 1904ರಲ್ಲಿ ಇಂಗ್ಲೆಂಡಿನ ದಕ್ಷಿಣದ ಐಲ್ ಆಫ್ ವೈಟ್ ದ್ವೀಪದಲ್ಲಿ ಜೇನುನೊಣಗಳು ಹಾರಲಾರದೆ, ರೆಕ್ಕೆ ಸೊಟ್ಟ ಮಾಡಿಕೊಂಡು, ಪೆಟ್ಟಿಗೆಯ ಮುಂದಿನ ಹುಲ್ಲಿನಲ್ಲಿ ತೆವಳುತ್ತ ಸಾಯತೊಡಗಿದವು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಪಿಡುಗು ಬ್ರಿಟನ್ನಿನ ಉದ್ದಗಲಕ್ಕೂ ಹಬ್ಬಿತ್ತು. ಡೆವನ್ನಿನ ಬಕ್‌ಫಾಸ್ಟ್ ಮಠದಲ್ಲಿ ಬ್ರದರ್ ಆಡಮ್ ಎಂಬ ಜರ್ಮನ್ ಮೂಲದ ಎಳೆಯ ಸನ್ಯಾಸಿ ಆಗತಾನೆ ಜೇನಿನ ಕೆಲಸಕ್ಕೆ ಸೇರಿದ್ದರು. 1915–16ರ ಚಳಿಗಾಲದಲ್ಲಿ ಮಠದ 46 ಕುಟುಂಬಗಳಲ್ಲಿ 30 ಸತ್ತವು. ಉಳಿದ 16ರಲ್ಲಿದ್ದದ್ದು ಇಟಲಿ ಮೂಲದ ರಾಣಿಯರು. ಅಲ್ಲಿಂದ ಮುಂದೆ ಅವರು ಜೀವಮಾನವಿಡೀ ತಳಿ ಬೆರೆಸಿ ಬಕ್‌ಫಾಸ್ಟ್ ಜೇನನ್ನು ರೂಪಿಸಿದರು. ತಳಿ ಹುಡುಕುತ್ತ ಮೆಡಿಟರೇನಿಯನ್ ಸುತ್ತಿದರು, ಆಫ್ರಿಕಾಕ್ಕೂ ಹೋದರು. ಬ್ರಿಟನ್ನಿನ ಮೂಲ ಕರಿಜೇನು ನಿರ್ವಂಶವಾಯಿತು ಎಂಬುದು ಅವರ ದೃಢ ನಂಬಿಕೆಯಾಗಿತ್ತು.

ರೋಗಕ್ಕೆ ಕಾರಣವೆಂದು ಅಬರ್ಡೀನಿನ ಜಾನ್ ರೆನ್ನಿ ಮತ್ತು ಜೊತೆಗಾರರು 1921ರಲ್ಲಿ ನೊಣದ ಉಸಿರುನಾಳದೊಳಗೆ ವಾಸಿಸುವ ಒಂದು ನುಸಿಯನ್ನು ತೋರಿಸಿದರು. ಅದೊಂದೇ ಕಾರಣವಲ್ಲ ಎಂದು 1960ರ ದಶಕದಲ್ಲಿ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಲೆಸ್ಲಿ ಬೇಯ್ಲಿ ವಾದಿಸಿದರು. ವೈರಸ್ಸು, ಕೆಟ್ಟ ಹವಾಮಾನ, ಮೇವಿಗೆ ಮೀರಿದ ಪೆಟ್ಟಿಗೆಗಳು ಎಲ್ಲ ಸೇರಿದ್ದವು ಎಂಬುದು ಅವರ ಲೆಕ್ಕ. ಏನೇ ಇರಲಿ, ಖಾಲಿಯಾದ ಪೆಟ್ಟಿಗೆ ತುಂಬಿಸಲು ಇಟಲಿಯಿಂದ, ಹಾಲೆಂಡಿನಿಂದ ಜೇನು ಹಡಗು ಹತ್ತಿ ಬಂತು. ಬಂದದ್ದು ಉಳಿದದ್ದರ ಜೊತೆ ಬೆರೆಯಿತು. ಉಳಿದದ್ದು ಎಂದೆ, ಏಕೆಂದರೆ ಬ್ರದರ್ ಆಡಮ್ ಅವರ ಮಾತು ನಿಜವಾಗಲಿಲ್ಲ. ಕೃಷಿ ಇಲಾಖೆಯ ಕೀಟತಜ್ಞರಾಗಿದ್ದ ಬಿಯೋವುಲ್ಫ್ ಕೂಪರ್ ಊರೂರು ತಿರುಗಿ ಹಳೆಯ ಮನೆಗಳ ಹಿತ್ತಲಲ್ಲಿ ಕರಿಜೇನನ್ನು ತೋರಿಸಿದರು, 1964ರಲ್ಲಿ ಅದನ್ನು ಬೆಳೆಸುವವರ ಸಂಘ ಕಟ್ಟಿದರು. ಐರ್ಲೆಂಡಿನಲ್ಲಂತೂ ಹೆಚ್ಚೇ ಉಳಿದಿತ್ತು. 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಆ ದ್ವೀಪದಲ್ಲಿ ಶುದ್ಧ ಕರಿಜೇನು ದೊಡ್ಡ ಸಂಖ್ಯೆಯಲ್ಲೇ ಇದೆ ಎಂದು ತೋರಿಸಿತು. ಹಳೆಯ ಚರ್ಚಿನ ಮಾಡು, ಮರದ ಪೊಟರೆಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬದುಕುತ್ತಿರುವ ಕುಟುಂಬಗಳಲ್ಲೂ ಹೆಚ್ಚಿನವು ಈ ತಳಿಯವೇ.

ಈಗ ನನ್ನ ಹಿತ್ತಲಿಗೆ ಬರುತ್ತೇನೆ. ಕೊಂಡು ತಂದ ರಾಣಿ ಇರುವಷ್ಟು ದಿನ ಎಲ್ಲ ಸರಿ. ರಾಣಿಗೆ ಮುಪ್ಪು ಬಂತು, ಕುಟುಂಬ ತಾನೇ ಹೊಸ ರಾಣಿಯನ್ನು ಮಾಡಿಕೊಂಡಿತು. ಅವಳು ಹುಟ್ಟಿನಿಂದ ಕರಿಯವಳೇ. ಆದರೆ ಕೂಡುವುದಕ್ಕೆ ಪೆಟ್ಟಿಗೆ ಬಿಟ್ಟು ಆಕಾಶಕ್ಕೆ ಹೋಗಬೇಕಲ್ಲ. ಸುತ್ತಲಿನ ಎಲ್ಲ ಪೆಟ್ಟಿಗೆಗಳ ಗಂಡುಜೇನುಗಳು ನೆರೆಯುವ ಜಾಗಗಳು ಅಲ್ಲಿ ಇರುತ್ತವೆ, ವರ್ಷವೂ ಅದೇ ಜಾಗ. ರಾಣಿ ಹತ್ತು ಹದಿನೈದು ಗಂಡುಗಳೊಡನೆ ಹಾರಾಟದಲ್ಲೇ ಕೂಡಿ ಹಿಂದಿರುಗುತ್ತಾಳೆ, ಆ ಬೀಜವನ್ನು ಮೈಯೊಳಗೆ ಇಟ್ಟುಕೊಂಡು ಜೀವಮಾನವಿಡೀ ಮೊಟ್ಟೆ ಇಡುತ್ತಾಳೆ. ನನ್ನ ರಾಣಿ ಯಾರ ಮನೆಯ ಗಂಡುಗಳನ್ನು ಕೂಡಿದಳೋ, ಮುಂದಿನ ಬೇಸಿಗೆಯಲ್ಲಿ ಹೊಟ್ಟೆಗೆ ಹಳದಿ ಪಟ್ಟಿ ಇರುವ ನೊಣಗಳು ಕಾಣಿಸಿದವು, ಅಡುಗೆಮನೆಯ ಬಾಗಿಲ ತನಕ ಬರುವ ಅಭ್ಯಾಸವೂ ಮರುಕಳಿಸಿತು. ರಾಣಿಯನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಗಂಡುಜೇನು ಊರಿನದು, ಅದನ್ನು ಕೊಳ್ಳಲಾಗದು. ಹಿತ್ತಲಲ್ಲಿ ನಾಲ್ಕು ಪೆಟ್ಟಿಗೆ ಇಟ್ಟವನು ಜೇನು ಸಾಕಬಲ್ಲ, ಆದರೆ ತಳಿಯನ್ನು ಒಬ್ಬನೇ ಉಳಿಸಲಾರ.

ಈ ಸಂಕಟ ನನಗಿಂತ ದೊಡ್ಡವರಿಗೂ ಇತ್ತು. ಬ್ರದರ್ ಆಡಮ್ 1925ರಲ್ಲಿ ಡಾರ್ಟ್‌ಮೂರ್ ಎಂಬ ಬೋಳು ಬಯಲಿನ ನಡುವೆ ರಾಣಿಯರನ್ನು ಕೂಡಿಸುವ ಕೇಂದ್ರ ತೆರೆದರು. ಆಸುಪಾಸಿನಲ್ಲಿ ಬೇರೆ ಜೇನೇ ಇಲ್ಲದ ಜಾಗ ಅದು. ಅವರಿಗೆ ಬಯಲು ಕಾವಲಾಯಿತು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಕಾಲನ್ಸೆ ದ್ವೀಪದಲ್ಲಿ ಸಮುದ್ರವೇ ಕಾವಲು, ಜೊತೆಗೆ ಕಾನೂನೂ ಇದೆ. ಆಂಡ್ರ್ಯೂ ಅಬ್ರಹಾಮ್ಸ್ ಎಂಬವರು ದಶಕಗಳಿಂದ ಅಲ್ಲಿ ಕರಿಜೇನು ಸಾಕುತ್ತ ಬಂದಿದ್ದಾರೆ. 2014ರ ಜನವರಿ 1ರಿಂದ ಕಾಲನ್ಸೆ ಮತ್ತು ಪಕ್ಕದ ಓರನ್ಸೆಯಲ್ಲಿ ಬೇರೆ ತಳಿಯ ಜೇನು ಇಡುವುದೇ ಅಪರಾಧ. ನಮ್ಮ ಗ್ಯಾಲ್ಟಿ ಕಣಿವೆಗೆ ಬಯಲೂ ಇಲ್ಲ, ಸಮುದ್ರವೂ ಇಲ್ಲ. ಅಲ್ಲಿ 1991ರಲ್ಲಿ ಮೀಹಾಲ್ ಮಕ್ ಗಿಲ್ಲ ಕೋಡ ಮುಂತಾದವರು ಗ್ಯಾಲ್ಟಿ ತಳಿ ಸಂಘ ಕಟ್ಟಿದಾಗ ಹಿಡಿದ ದಾರಿ ನೆರೆಹೊರೆಯ ಒಪ್ಪಂದದ್ದು. ಕಣಿವೆಯಲ್ಲಿ ಜೇನಿಟ್ಟವರೆಲ್ಲ ಕರಿ ರಾಣಿಯನ್ನೇ ಇಡುವುದು, ಬೇಕಾದವರಿಗೆ ಸಂಘದವರೇ ರಾಣಿ ಒದಗಿಸುವುದು. ಬಲವಂತವಿಲ್ಲ. 2012ರಲ್ಲಿ ಇಡೀ ದೇಶಕ್ಕೆಂದು ಐರಿಷ್ ಮೂಲಜೇನು ಸಂಘವೂ ಹುಟ್ಟಿತು. ಹೊರಗಿನ ರಾಣಿಯರ ಆಮದು ನಿಲ್ಲಿಸಬೇಕು ಎಂಬುದು ಅವರ ಬೇಡಿಕೆ.

ಒಪ್ಪಂದ ಫಲ ಕೊಡುವುದಕ್ಕೆ ಜೇನಿನ ಹುಟ್ಟಿನಲ್ಲೇ ಒಂದು ವಿಚಿತ್ರವಿದೆ. ಗಂಡುಜೇನಿಗೆ ಅಪ್ಪನಿಲ್ಲ. ರಾಣಿ ಬೀಜ ಸೇರಿಸದೆ ಇಟ್ಟ ಮೊಟ್ಟೆಯಿಂದ ಹುಟ್ಟುವುದು ಗಂಡು, ಸೇರಿಸಿ ಇಟ್ಟದ್ದರಿಂದ ಹೆಣ್ಣು. ಹಾಗಾಗಿ ಶುದ್ಧ ಕರಿ ರಾಣಿ ಯಾವ ಊರಿನ ಯಾವ ಬಣ್ಣದ ಗಂಡುಗಳೊಡನೆ ಕೂಡಿ ಬಂದಿರಲಿ, ಅವಳ ಗಂಡುಮಕ್ಕಳು ಶುದ್ಧ ಕರಿಜೇನೇ. ಅವಳ ಕೆಲಸಗಾರ ನೊಣಗಳು ಬೆರಕೆಯಾಗಿ ಚುಚ್ಚಬಹುದು, ಆದರೆ ಆ ಪೆಟ್ಟಿಗೆಯಿಂದ ಆಕಾಶಕ್ಕೆ ಏರುವ ಗಂಡುಗಳು ಅಮ್ಮನ ರಕ್ತ ಮಾತ್ರ ಹೊತ್ತವು. ಒಂದು ಊರಿನ ಹತ್ತು ಪೆಟ್ಟಿಗೆಗಳಿಗೆ ಈ ವರ್ಷ ಶುದ್ಧ ಕರಿ ರಾಣಿಯರನ್ನು ಹಂಚಿದರೆ, ಮುಂದಿನ ವರ್ಷ ಆ ಊರಿನ ಆಕಾಶದಲ್ಲಿ ಹೆಚ್ಚಿನವು ಕರಿ ಗಂಡುಗಳೇ.

ಆದರೆ ಶುದ್ಧ ಎಂದು ಹೇಳುವುದು ಹೇಗೆ? ಬಣ್ಣ ನಂಬುವಂಥದ್ದಲ್ಲ, ಕಾರ್ನಿಯೋಲನ್ನೂ ಕಪ್ಪಾಗಿಯೇ ಕಾಣುತ್ತದೆ. ಅಲ್ಲಿಯ ಹಿತ್ತಲ ಸಾಕಣೆಗಾರರು ರೆಕ್ಕೆ ಅಳೆಯುತ್ತಾರೆ. ಸತ್ತ ಮೂವತ್ತು ನಲವತ್ತು ನೊಣಗಳ ಮುಂದಿನ ರೆಕ್ಕೆಗಳನ್ನು ಚಿಮಟದಿಂದ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿ, ಸ್ಕ್ಯಾನರಿನಲ್ಲಿ ದೊಡ್ಡದು ಮಾಡಿ ನೋಡುವುದು. ರೆಕ್ಕೆಯ ನರಗಳ ನಡುವೆ ಒಂದು ಮನೆಯ ಕೆಳಗಿನ ಗೆರೆಯನ್ನು ಇನ್ನೊಂದು ನರ ಬಂದು ಎರಡು ತುಂಡು ಮಾಡಿರುತ್ತದೆ. ಉದ್ದದ ತುಂಡನ್ನು ಗಿಡ್ಡ ತುಂಡಿನಿಂದ ಭಾಗಿಸಬೇಕು. ಕರಿಜೇನಿನಲ್ಲಿ ಆ ಅಂಕಿ 1.7ರ ಆಸುಪಾಸು, ಕಾರ್ನಿಯೋಲನ್ನಿನಲ್ಲಿ 2.5ರ ಮೇಲೆ. ಸುರಿಯುವ ನವೆಂಬರಿನ ರಾತ್ರಿಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ಇದನ್ನು ಮಾಡುತ್ತ ಕೂರುವುದು ಹಿತವೇ. ವಂಶವಾಹಿ ಪರೀಕ್ಷೆಯಷ್ಟು ಖಚಿತವಲ್ಲ, ಆದರೆ ಯಾವ ರಾಣಿಯ ಮಗಳನ್ನು ಬೆಳೆಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಅಷ್ಟು ಸಾಕು. ರೆಕ್ಕೆ ಸರಿಯಿದ್ದು ನಡತೆ ಕೆಟ್ಟಿದ್ದರೆ ನಾನು ನಡತೆಯ ಕಡೆಗೇ ವಾಲುತ್ತೇನೆ. ಕೊಂಡಿಯಿಂದ ಚುಚ್ಚಿಸಿಕೊಳ್ಳುವವನಿಗೆ ಅಂಕಿ ಏನು ಸಮಾಧಾನ ಕೊಟ್ಟೀತು?

ಈ ಕತೆ ಕೇಳುತ್ತಿರುವ ಪುತ್ತೂರು, ಶಿರಸಿ, ಭಾಗಮಂಡಲದ ಹಿರಿಯರಿಗೆ 1991–92 ನೆನಪಿಗೆ ಬಂದಿರಬೇಕು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದಾಗ ತುಡುವೆಯ ಮರಿಹುಳುಗಳು ಕೋಶದೊಳಗೆ ತಲೆ ಮೇಲೆತ್ತಿಕೊಂಡು, ಮೈಯೆಲ್ಲ ನೀರು ತುಂಬಿ ಸಾಯುತ್ತಿದ್ದವು. ಪೆಟ್ಟಿಗೆಯ ತುಡುವೆಯಲ್ಲಿ ಬಹುಪಾಲು ಅಳಿಯಿತು. ಆ ಜಾಗಕ್ಕೆ ಮೆಲ್ಲಿಫೆರಾ ಬಂತು. ತುಡುವೆಯ ಕಾಲ ಮುಗಿಯಿತು ಎಂದವರು ನಮ್ಮಲ್ಲೂ ಇದ್ದರು. ಕಾಡಿನ ಪೊಟರೆ, ಹುತ್ತಗಳಲ್ಲಿ ಬದುಕಿ ಉಳಿದ ಕುಟುಂಬಗಳನ್ನು ಹಿಡಿದು ತಂದು ನಮ್ಮವರು ಮತ್ತೆ ಪೆಟ್ಟಿಗೆ ತುಂಬಿಸಿದರು. ನಮಗೆ ಒಂದು ಅನುಕೂಲವಿತ್ತು. ತುಡುವೆಯೂ ಮೆಲ್ಲಿಫೆರಾವೂ ಬೇರೆ ಬೇರೆ ಜಾತಿ, ಅವುಗಳ ನಡುವೆ ಬೆರಕೆ ಹುಟ್ಟುವುದಿಲ್ಲ. ಹಾಗಾಗಿ ಹೊರಗಿನ ಜೇನು ಬಂದರೂ ತುಡುವೆ ತುಡುವೆಯಾಗಿಯೇ ಉಳಿಯಿತು.

ಆದರೆ ತುಡುವೆಯೊಳಗೇ ಎರಡು ಬಗೆ ಉಂಟು. ಘಟ್ಟದ ತಂಪಿನದು ಕಪ್ಪು, ಬಯಲಿನದು ಹಳದಿ. ಪಶ್ಚಿಮ ಘಟ್ಟದ ಕಪ್ಪು ತುಡುವೆ ಬೇರೆ ಜಾತಿಯೇ ಎಂದು 2022ರಲ್ಲಿ ಕೇರಳದ ಸಂಶೋಧಕರು 'ಏಪಿಸ್ ಕರಿಂಜೋಡಿಯನ್' ಎಂಬ ಹೆಸರನ್ನೂ ಕೊಟ್ಟಿದ್ದಾರೆ. ಎಲ್ಲ ತಜ್ಞರೂ ಅದನ್ನು ಒಪ್ಪಿಲ್ಲ. ಜಾತಿಯೋ ತಳಿಯೋ, ಆ ವಾದ ಅವರಿಗಿರಲಿ. ಕೊಡಗಿನ ಮಳೆಯಲ್ಲಿ ಬಾಳಿದ ಹಿಂಡಿಗೂ ಬಯಲುಸೀಮೆಯ ಬಿಸಿಲಲ್ಲಿ ಬಾಳಿದ ಹಿಂಡಿಗೂ ವ್ಯತ್ಯಾಸವಿದೆ ಎಂಬುದು ಸಾಕಿದವರಿಗೆಲ್ಲ ಗೊತ್ತು. ಕುಟುಂಬ ಸಮೇತ ಪೆಟ್ಟಿಗೆ ಜಿಲ್ಲೆ ದಾಟಿ ಮಾರಾಟವಾಗುವ ಈ ಕಾಲದಲ್ಲಿ ಕೊಳ್ಳುವವರು ಬೆಲೆಯ ಜೊತೆಗೆ 'ಇದು ಎಲ್ಲಿ ಹಿಡಿದದ್ದು' ಎಂದೂ ಕೇಳುವುದು ಒಳ್ಳೆಯದು. ಮಾವನಿಗೆ ಇದನ್ನು ಹೇಳಿದರೆ, "ನಮ್ಮಲ್ಲಿ ರಾಣಿಗೆ ದುಡ್ಡು ಕೊಡುವ ಕ್ರಮವೇ ಇಲ್ಲ ಮಾರಾಯ. ಪಾಲಾದರೆ ಹಿಡಿಯುವುದು, ಪರಾರಿಯಾದರೆ ಬಿಡುವುದು" ಎಂದರು. ಅವರ ತೋಟದ ಸುತ್ತ ಕಾಡಿದೆ, ಕಾಡಿನ ತುಂಬ ಅದೇ ತಳಿಯ ಗಂಡುಗಳಿವೆ. ಗ್ಯಾಲ್ಟಿಯವರು ಸಂಘ ಕಟ್ಟಿ ಗಳಿಸಬೇಕಾದದ್ದು ಅವರಿಗೆ ಪುಕ್ಕಟೆ.

ಇನ್ನೊಂದು ಮಾತು, ವರೋವಾ ನುಸಿಯ ಬಗ್ಗೆ. ಜೇನಿನ ಮೈಗೆ ಅಂಟುವ ಈ ಕೆಂಪು ನುಸಿ ಮೂಲತಃ ಏಷ್ಯಾದ ತುಡುವೆ ಬಳಗದ ಮೇಲಿನದು. ತುಡುವೆಯಲ್ಲಿ ಅದು ಮರಿ ಮಾಡುವುದು ಗಂಡುಕೋಶಗಳಲ್ಲಿ ಮಾತ್ರ, ಹಾಗಾಗಿ ಕುಟುಂಬ ಉಳಿಯುತ್ತದೆ. ಮೆಲ್ಲಿಫೆರಾಕ್ಕೆ ಹಾರಿದ ಮೇಲೆ ಕೆಲಸಗಾರ ನೊಣಗಳ ಕೋಶಕ್ಕೂ ನುಗ್ಗಿತು, ಪೆಟ್ಟಿಗೆಗಳು ಸತ್ತವು. ಬ್ರಿಟನ್ನಿನಲ್ಲಿ ಕಂಡದ್ದು 1992ರಲ್ಲಿ, ಐರ್ಲೆಂಡಿನಲ್ಲಿ 1998ರಲ್ಲಿ. ಮೆಲ್ಲಿಫೆರಾದಲ್ಲೂ ನುಸಿಗೆ ಗಂಡುಕೋಶವೇ ಹೆಚ್ಚು ಇಷ್ಟ. ಅದಕ್ಕೇ ಗಂಡುಮರಿಗಳಿರುವ ಎರಿಯನ್ನು ಮುಚ್ಚಳ ಬಿದ್ದ ಮೇಲೆ ಕತ್ತರಿಸಿ ಎಸೆಯಿರಿ, ನುಸಿಯೂ ಅದರ ಜೊತೆ ಹೋಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಒಳ್ಳೆಯ ಉಪಾಯ. ಆದರೆ ಊರಿಗೆ ಕರಿ ಗಂಡುಗಳು ಬೇಕೆಂದು ಹೊರಟವನು ಅವನ್ನೇ ಕತ್ತರಿಸಿ ಎಸೆಯುವುದೆಂತು? ನಾನು ಬೆರಕೆ ಕುಟುಂಬಗಳ ಗಂಡು ಎರಿಯನ್ನು ಕತ್ತರಿಸುತ್ತೇನೆ, ಶುದ್ಧ ಕುಟುಂಬದ್ದನ್ನು ಬಿಡುತ್ತೇನೆ; ಆ ಪೆಟ್ಟಿಗೆಯ ನುಸಿಗೆ ಚಳಿಗಾಲದಲ್ಲಿ, ಮರಿಗಳಿಲ್ಲದ ಹೊತ್ತು ನೋಡಿ, ಆಕ್ಸಾಲಿಕ್ ಆಮ್ಲದ ಉಪಚಾರ.

ನೆರೆಹೊರೆಯ ಒಪ್ಪಂದದ ಮಾತಿಗೆ ಮರಳುತ್ತೇನೆ. ಐರ್ಲೆಂಡಿನಲ್ಲಿ ಏಳನೆಯ ಶತಮಾನದಷ್ಟು ಹಿಂದೆಯೇ ಜೇನಿಗೆಂದು ಒಂದು ಕಾನೂನಿನ ಗ್ರಂಥವಿತ್ತು, 'ಬೆಕ್‌ಬ್ರೆಹ' ಎಂದು. ನಿನ್ನ ಜೇನು ನೆರೆಯವರ ಹೂವಿನಲ್ಲಿ ಮೇಯುತ್ತದೆ, ಆದ್ದರಿಂದ ನೆರೆಯವರಿಗೂ ಅದರಲ್ಲಿ ಪಾಲು ಸಲ್ಲಬೇಕು ಎನ್ನುತ್ತದೆ ಅದು. ಕಾಂಗಲ್ ಎಂಬ ರಾಜ ಜೇನು ಚುಚ್ಚಿ ಒಂದು ಕಣ್ಣು ಕಳೆದುಕೊಂಡ, ಅದರಿಂದಾಗಿ ತಾರಾ ಎಂಬಲ್ಲಿನ ಸಿಂಹಾಸನವನ್ನೂ ಕಳೆದುಕೊಂಡ ಎಂಬ ಸಂಗತಿಯೂ ಅದರಲ್ಲಿದೆ. ನಾನು ಈ ಮೇ ತಿಂಗಳಲ್ಲಿ ನೆರೆಯವರ ಪಾಲು ಕೊಡಲು ಹೊರಟಿದ್ದೇನೆ: ಹೊರಬರಲು ಒಂದೆರಡು ದಿನ ಉಳಿದ ರಾಣಿ ಕೋಶಗಳು, ನಮ್ಮ ರಸ್ತೆಯಲ್ಲಿ ಜೇನಿಟ್ಟ ಎಲ್ಲರಿಗೂ, ದುಡ್ಡಿಲ್ಲದೆ. ಹೆಚ್ಚಿನವರು ಒಪ್ಪಿದ್ದಾರೆ. ಬಕ್‌ಫಾಸ್ಟ್ ಇಟ್ಟ ಪಕ್ಕದ ಹೊಲದ ಹಿರಿಯರು ಮಾತ್ರ ತಲೆ ಕೆರೆದುಕೊಂಡರು. ಗಂಡುಜೇನಿಗೆ ಅಪ್ಪನಿಲ್ಲ ಎಂಬುದನ್ನು ಬೇಲಿಯ ಪಕ್ಕ ನಿಂತು ಸಾವಧಾನವಾಗಿ ವಿವರಿಸಿದೆ. "ಹಾಗಾದರೆ ನಿನಗೆ ಬೇಕಾದ ಗಂಡುಗಳನ್ನು ನನ್ನ ಪೆಟ್ಟಿಗೆಯಲ್ಲಿ ಸಾಕುವುದು, ಬೆರಕೆ ನೊಣದಿಂದ ಚುಚ್ಚಿಸಿಕೊಳ್ಳುವುದು ನಾನು, ಹೌದೋ ಅಲ್ಲವೋ?" ಎಂದು ಕೇಳಿದರು. ಹೌದು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಒಂದು ಪೆಟ್ಟಿಗೆಗೆ ಮಾತ್ರ ಒಪ್ಪಿದರು. ಅದೂ ಅವರ ಮನೆಯಿಂದ ದೂರ, ನನ್ನ ಬೇಲಿಗೆ ಹತ್ತಿರ ಇಡುವ ಷರತ್ತಿನ ಮೇಲೆ.